ಸರೋಜಾ ಅವರ ಮಿಕ್ಕ ಓಟು

ಓಟು ಹಾಕಿ ಆರು ದಿನವಾದ ಮೇಲೂ ಸರೋಜಾ ಅವರ ಓಟು ಮುಗಿದಿರಲಿಲ್ಲ. ಟೆಕ್ಸಸ್‌ನಲ್ಲಿ ಅವರ ಪಕ್ಷದ ಪದ್ಧತಿಯೇ ಹಾಗಿತ್ತು. ಅಧ್ಯಕ್ಷ ಹುದ್ದೆಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಮೊದಲು ಮತಯಂತ್ರದಲ್ಲಿ ಒತ್ತಬೇಕು. ಅಭ್ಯರ್ಥಿಯನ್ನು ಕೊನೆಗೆ ಆರಿಸುವ ಪ್ರತಿನಿಧಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದರಿಂದ ಹಂಚಿಕೆಯಾಗುತ್ತಿತ್ತು. ಮಿಕ್ಕ ಒಂದು ಪಾಲಿಗಾಗಿ, ಮತದಾನ ಮುಗಿದ ಸಂಜೆ ಅದೇ ಜನ ತಮ್ಮ ಮತಗಟ್ಟೆಗೆ ಮತ್ತೆ ಬಂದು ಸಭೆ ಸೇರಬೇಕು. ಒಂದು ಹಾಳೆಯಲ್ಲಿ ಹೆಸರು, ವಿಳಾಸ ಬರೆದು, ಪಕ್ಕದಲ್ಲೇ ತಾವು ಯಾರ ಕಡೆ ಎಂದೂ ಬರೆದು ಸಹಿ ಹಾಕಬೇಕು.

2008ರ ಮಾರ್ಚ್ ನಾಲ್ಕರ ಮಂಗಳವಾರ ಆ ಸಂಜೆ ಬಂತು. ಡಾಲಸ್ ಹತ್ತಿರದ ಮರ್ಫಿ ಎಂಬ ಊರಿನಲ್ಲಿ, ತಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು ಸರೋಜಾ ಪಕ್ಷದಿಂದ ಬಂದಿದ್ದ ಕರಪತ್ರವನ್ನು ಮೂರನೆಯ ಸಲ ಓದಿದರು. ‘ಯಾರ ಕಡೆ ಎಂದು ಬರೆಯಬೇಕು’ ಎಂಬ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು.

"ಹೆಸರೂ ಬರೀಬೇಕಂತೆ, ಓಟೂ ಬರೀಬೇಕಂತೆ, ಒಂದೇ ಸಾಲಲ್ಲಿ. ಇದೆಂಥ ಎಲೆಕ್ಷನ್ನು ರೀ?"

ಸೋಫಾದ ಮೇಲಿದ್ದ ಗಂಡ ಮೋಹನರಾಜ ತಲೆಯೆತ್ತಲಿಲ್ಲ. "ನನ್ನನ್ನ ಕೇಳಬೇಡ. ನಾನು ಎದುರು ಪಾರ್ಟಿಗೆ ಹಾಕಿ ಬಂದಾಯ್ತು. ಈ ಕೌಂಟೀಲಿ ಯಾವಾಗ್ಲೂ ಗೆಲ್ಲೋರು ಅವರೇ. ಅವರಲ್ಲೇ ಸ್ವಲ್ಪ ವಾಸಿ ಯಾರು ಅಂತ ಆರಿಸಿದೆ. ಒಂದು ಸಲ ಒತ್ತಿದೆ, ಮನೆಗೆ ಬಂದೆ, ಕಾಫಿ ಕುಡಿದೆ."

ಸರೋಜಾ ಅವರಿಗೆ ಆಗ ಐವತ್ತೊಂಬತ್ತು. 1990ರಲ್ಲಿ ಗಂಡನ ಜೊತೆ ಡಾಲಸ್‌ಗೆ ಬರುವ ಮೊದಲು ಹನ್ನೆರಡು ವರ್ಷ ಮೈಸೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದರು. ಸರ್ಕಾರಿ ಟೀಚರ್ ಎಂದ ಮೇಲೆ ಎಲೆಕ್ಷನ್ ಡ್ಯೂಟಿ ತಪ್ಪಿದ್ದಲ್ಲ. ಐದು ಚುನಾವಣೆಗಳಲ್ಲಿ ಮತಗಟ್ಟೆಯ ಮೇಜಿನ ಹಿಂದೆ ಕೂತವರು ಅವರು. ನಂಜನಗೂಡಿನಾಚೆಯ ಒಂದು ಹಳ್ಳಿಯ ಶಾಲೆಯಲ್ಲಿ, ಮತ ಹಾಕುವ ಮೂಲೆಗೆ ಮರೆಯಾಗಿ ಕಟ್ಟಿದ್ದ ಚಾಪೆ ಗಾಳಿಗೆ ಪದೇಪದೇ ಓಲಾಡುತ್ತಿತ್ತು. ಊರಿನ ದೊಡ್ಡ ಮನುಷ್ಯರೊಬ್ಬರು ಏಜೆಂಟರ ಬೆಂಚಿನಲ್ಲಿ ಕೂತು, ತಮ್ಮ ಹೊಲದ ಆಳುಗಳು ಒಳಗೆ ಹೋದಾಗಲೆಲ್ಲ ಕತ್ತು ಉದ್ದ ಮಾಡುತ್ತಿದ್ದರು. ಸರೋಜಾ ಎದ್ದು ಹೋಗಿ, ಶಾಲೆಯ ಕರಿಹಲಗೆಯನ್ನೇ ಎಳೆದು ತಂದು ಚಾಪೆಗೆ ಆನಿಸಿ ನಿಲ್ಲಿಸಿದರು. "ಏನಮ್ಮಾ, ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಆತ ಕೇಳಿದ್ದಕ್ಕೆ, "ನಂಬಿಕೆ ಇದೆ ಸ್ವಾಮಿ, ಅದಕ್ಕೇ ಹಲಗೆ ಇಟ್ಟಿರೋದು" ಅಂದಿದ್ದರು. ಮರೆಯ ಹಿಂದೆ ಹೋದವರ ಕೈ ಹೊರಗಿನವರಿಗೆ ಕಾಣಬಾರದು. ಚುನಾವಣೆಯ ಬಗ್ಗೆ ಅವರಿಗಿದ್ದ ಗಟ್ಟಿಯಾದ ಅಭಿಪ್ರಾಯ ಇದೊಂದೇ.

ಅವರು ತಮ್ಮ ಓಟನ್ನು ಫೆಬ್ರವರಿ ಇಪ್ಪತ್ತೇಳರಂದೇ ಪಕ್ಕದ ಊರು ಪ್ಲೇನೋದ ಮುಂಗಡ ಮತದಾನ ಕೇಂದ್ರದಲ್ಲಿ ಹಾಕಿದ್ದರು. ಕಣದಲ್ಲಿ ಉಳಿದಿದ್ದವರು ಇಬ್ಬರು: ಒಬ್ಬರು ಮಹಿಳೆ, ಇನ್ನೊಬ್ಬರು ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವರು. ಕನ್ನಡದ ಮನೆಗಳಲ್ಲಿ ಅವರ ಹೆಸರು ಹೇಳುತ್ತಿದ್ದವರು ಕಡಿಮೆ. ‘ಆಯಮ್ಮ’, ‘ಆ ಹುಡುಗ’ ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ತಾವು ಕೆಲಸ ಮಾಡುತ್ತಿದ್ದ ಶಾಲಾ ಲೈಬ್ರರಿಯಲ್ಲಿ ಸರೋಜಾ ಇಬ್ಬರ ಆರೋಗ್ಯ ವಿಮೆಯ ಯೋಜನೆಗಳನ್ನೂ ಪ್ರಿಂಟ್ ತೆಗೆದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪೆನ್ಸಿಲ್ ಹಿಡಿದು ಓದಿದ್ದರು. 2001ರಲ್ಲಿ ಹತ್ತಿರದ ರಿಚರ್ಡ್‌ಸನ್ ಊರಿನ ಟೆಲಿಕಾಂ ಕಂಪನಿಗಳು ನೆಲಕಚ್ಚಿ ಮೋಹನರಾಜರ ಕೆಲಸ ಹೋದಾಗ, ಹದಿನಾಲ್ಕು ತಿಂಗಳು ವಿಮೆಯಿಲ್ಲದೆ, ಪಿತ್ತಕೋಶದ ಕಲ್ಲಿನ ನೋವನ್ನು ಅಜೀರ್ಣವೆಂದು ಹೇಳಿಕೊಂಡು ಕಳೆದವರು ಸರೋಜಾ. ಆಯಮ್ಮನ ಯೋಜನೆಯಲ್ಲಿ ಎಲ್ಲರೂ ಸೇರಲೇಬೇಕಿತ್ತು. ಹುಡುಗನದರಲ್ಲಿ ಬೇಕಾದವರು ಸೇರಬಹುದಿತ್ತು. ಎಲ್ಲರೂ ಸೇರಲೇಬೇಕೆಂಬ ಏಳನೆಯ ಪುಟದ ಸಾಲಿಗೆ ಗೆರೆ ಎಳೆದು, ಮಾರನೆಯ ದಿನ ಹೋಗಿ ಆಯಮ್ಮನಿಗೆ ಒತ್ತಿ ಬಂದರು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದು ಏಳನೆಯ ಪುಟದ ಓಟಾಗಿ ಉಳಿಯುತ್ತಿರಲಿಲ್ಲ.

ಏಕೆಂದರೆ ಆ ತಿಂಗಳಿಡೀ ಯಾರೂ ಯಾವ ಪುಟವನ್ನೂ ಓದುತ್ತಿರಲಿಲ್ಲ. ಜಗಳ ಆಡುತ್ತಿದ್ದರು. ಕನ್ನಡ ಬಳಗದ ಇ-ಮೇಲ್ ಪಟ್ಟಿಯಲ್ಲಿ ಹ್ಯೂಸ್ಟನ್‌ನ ಡಾಕ್ಟರ್ ಗೋಪಾಲಕೃಷ್ಣ ಆ ಹುಡುಗನ ಪರವಾಗಿ ಒಂದು ಪತ್ರ ಹಾಕಿದ್ದಕ್ಕೆ ಅರವತ್ತೊಂದು ಉತ್ತರಗಳು ಬಂದವು. ಕೊನೆಯ ಹತ್ತರಲ್ಲಿ ಚುನಾವಣೆಯ ಸುದ್ದಿಯೇ ಇರಲಿಲ್ಲ. ಯಾರು ಯಾರ ಗೃಹಪ್ರವೇಶಕ್ಕೆ ಬರಲಿಲ್ಲ ಎಂಬುದಷ್ಟೇ ಇತ್ತು. ಯುಗಾದಿ ನಾಟಕದ ಅಭ್ಯಾಸ ಎರಡು ಭಾನುವಾರ ನಿಂತಿತು. ರಾಜನ ಪಾತ್ರದವರು ಮಂತ್ರಿಯ ಪಾತ್ರದವರ ಮನೆಗೆ ಕಾಲಿಡುವುದಿಲ್ಲ ಎಂದಿದ್ದರು. ಅಭ್ಯರ್ಥಿಗಳಿಬ್ಬರೂ ಒಂದೇ ಪಕ್ಷದವರು ಎಂಬುದು ಸರೋಜಾ ಅವರಿಗೆ ಸಂಕಟದ ವಿಷಯವಾಗಿತ್ತು. ನವೆಂಬರ್‌ನ ನಿಜವಾದ ಚುನಾವಣೆಯಲ್ಲಿ ಎದುರಾಳಿ ಬೇರೆಯೇ ಇದ್ದಾರೆ ಎಂಬುದನ್ನು ಎಲ್ಲರೂ ಮರೆತಂತಿತ್ತು.

ಡಾಲಸ್‌ಗೆ ಬಂದಾಗಿನಿಂದಲೂ ಗೆಳತಿಯಾಗಿದ್ದ ಉಷಾ ಜೊತೆ ಶನಿವಾರ ಬೆಳಿಗ್ಗೆ ಕೆರೆಯ ಸುತ್ತ ವಾಕಿಂಗ್ ಹೋಗುವುದು ಸರೋಜಾ ಅವರ ರೂಢಿ. ಫೆಬ್ರವರಿಯಲ್ಲಿ ಅದು ಭಾಷಣವಾಗಿಬಿಟ್ಟಿತ್ತು. ಉಷಾ ಆಯಮ್ಮನ ಪರವಾಗಿ ಮನೆಮನೆಗೆ ಹೋಗುತ್ತಿದ್ದರು. ಈ ಸಭೆಯಿಂದ ಕೌಂಟಿ, ಅಂದರೆ ಜಿಲ್ಲೆಯ, ಮಟ್ಟಕ್ಕೆ ಪ್ರತಿನಿಧಿಯಾಗುವ ಆಸೆಯೂ ಇತ್ತು.

"ನಾವು ಹೆಂಗಸರೇ ಕೈ ಬಿಟ್ರೆ ಇನ್ಯಾರು ಕಣೇ ಅವಳ ಕಡೆ ನಿಲ್ಲೋರು?"

"ಹೆಂಗಸು ಅಂತ ಹಾಕೋದಾದ್ರೆ ನಿಂಗೇ ಹಾಕ್ತೀನಿ, ನೀನೇ ನಿಂತ್ಕೋ."

"ತಮಾಷೆ ಬೇಡ. ನೀನು ಯಾರಿಗೆ? ಅದನ್ನ ಹೇಳು."

"ನೋಡೋಣ."

"ಮೂರು ವಾರದಿಂದ ನೋಡ್ತಾನೇ ಇದೀಯ. ನಮ್ಮನೆಯವರನ್ನ ನೋಡು, ನಾನು ಹೇಳಿದ ದಿನಾನೇ ಕಾರಿಗೆ ಸ್ಟಿಕ್ಕರ್ ಹಚ್ಚಿದ್ರು."

ಉಷಾ ಅವರ ಗಂಡ ಶ್ಯಾಮಸುಂದರ ಮಾತು ಕಡಿಮೆಯ ಮನುಷ್ಯ. ಸ್ಟಿಕ್ಕರ್ ಹಚ್ಚಿದ್ದು ನಿಜ.

ಇನ್ನೊಂದು ಕಡೆ ಮಗಳು ಅನಘಾ. ಆಸ್ಟಿನ್‌ನಲ್ಲಿ ಕೊನೆಯ ವರ್ಷದ ಓದು. ಆ ಹುಡುಗನ ಪರವಾಗಿ ಸಂಜೆಯೆಲ್ಲ ಜನರಿಗೆ ಫೋನ್ ಮಾಡುವ ಕೆಲಸ. ಸೋಮವಾರ ಅಮ್ಮನಿಗೂ ಮಾಡಿದ್ದಳು.

"ಅಮ್ಮಾ, ನಾಳೆ ಸೆವೆನ್ ಫಿಫ್ಟೀನ್. ಡೋಂಟ್ ಬಿ ಲೇಟ್. ಸೈನ್ ಇನ್ ಮಾಡ್ಲೇಬೇಕು, ಓಕೆ?"

"ಹೋಗ್ತೀನಿ ಕಣೆ."

"ಹಿಮ್‌ಗೇ ತಾನೇ? ದಿಸ್ ಈಸ್ ಹಿಸ್ಟರಿ, ಅಮ್ಮಾ. ಉಷಾ ಆಂಟಿ ಹೇಳಿದ್ದು ಕೇಳ್ಬೇಡ."

"ನೀನು ಹೇಳಿದ್ದು ಮಾತ್ರ ಕೇಳ್ಬೇಕೇನು?"

"ದಟ್ಸ್ ನಾಟ್ ವಾಟ್ ಐ ಮೆಂಟ್!" ಎಂದು ಅನಘಾ ಕೂಗಿ, ಪಟ್ಟಿಯಲ್ಲಿ ಇನ್ನೂ ನಲವತ್ತು ಜನರಿದ್ದಾರೆಂದು ಫೋನ್ ಇಟ್ಟಳು.

ಮಂಗಳವಾರ ಏಳಕ್ಕೆ ಹತ್ತು ನಿಮಿಷವಿರುವಾಗ ಉಷಾ, ಶ್ಯಾಮಸುಂದರ ಕಾರಿನಲ್ಲಿ ಬಂದು ಸರೋಜಾ ಅವರನ್ನು ಹತ್ತಿಸಿಕೊಂಡರು. ಮತಗಟ್ಟೆ ಹತ್ತಿರದ ಪ್ರಾಥಮಿಕ ಶಾಲೆಯ ಊಟದ ಹಾಲ್. ಹಿಂದಿನ ವರ್ಷಗಳಲ್ಲಿ ಇಂಥ ಸಭೆಗೆ ಎಂಟು-ಹತ್ತು ಜನ ಬಂದರೆ ಹೆಚ್ಚಂತೆ. ಆ ದಿನ ನೂರೈವತ್ತಕ್ಕೂ ಹೆಚ್ಚು ಜನ ತಣ್ಣನೆಯ ಗಾಳಿಯಲ್ಲಿ ಬಾಗಿಲ ಹೊರಗಿನವರೆಗೆ ನಿಂತಿದ್ದರು. ಆರು ವರ್ಷದ ಮಕ್ಕಳ ಬೆಂಚುಗಳ ಮೇಲೆ ಅರವತ್ತು ವರ್ಷದವರು ಮಂಡಿ ಮಡಚಿಕೊಂಡು ಕೂತಿದ್ದರು. ಊಟ ಬಡಿಸುವ ಕೌಂಟರಿನ ಹತ್ತಿರ ಆಯಮ್ಮನ ಕಡೆಯವರು, ವೇದಿಕೆಯ ಹತ್ತಿರ ಹುಡುಗನ ಕಡೆಯವರು. ನಡುವೆ ಯಾರೂ ಇರಲಿಲ್ಲ, ಬಾಗಿಲ ಬಳಿ ನಿಂತಿದ್ದ ಸರೋಜಾ ಒಬ್ಬರನ್ನು ಬಿಟ್ಟು.

"ಅಲ್ಲೇನು ಮಾಡ್ತಿದೀಯ? ಬಾರೇ ಈ ಕಡೆ!" ಎಂದು ಉಷಾ ಕೌಂಟರಿನಿಂದ ಕೈ ಬೀಸಿದರು.

"ಇಲ್ಲೇ ಗಾಳಿ ಚೆನ್ನಾಗಿದೆ," ಎಂದರು ಸರೋಜಾ.

ಸಭೆ ನಡೆಸುವ ಹೊಣೆ ಡೇಲ್ ಎಂಬ ನಿವೃತ್ತ ಅಂಚೆಯವರ ಮೇಲಿತ್ತು. ಅವರ ಕೈಯಲ್ಲಿ ಒಂದು ದಪ್ಪ ಲಕೋಟೆ, ಅದರಲ್ಲಿ ಸಹಿ ಹಾಕುವ ಹಾಳೆಗಳು, ಮುಖದಲ್ಲಿ ಬೆವರು. ಕಾರ್ಯದರ್ಶಿಯಾಗಿ ಯಾರು ಕೂರುತ್ತೀರಿ ಎಂದು ಅವರು ಕೇಳಿದಾಗ ಎರಡೂ ಗುಂಪು ಎದುರು ಗುಂಪಿನವರು ಬೇಡವೆಂದು ಕೂಗಿತು. ಆಗ ಉಷಾ ಹಾಲಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು: ನನ್ನ ಗೆಳತಿ ಯಾವ ಕಡೆಯೂ ಇಲ್ಲ, ನೋಡಿ, ಬಾಗಿಲಲ್ಲಿ ನಿಂತಿದ್ದಾಳೆ, ಇಂಡಿಯಾದಲ್ಲಿ ಐದು ಚುನಾವಣೆ ನಡೆಸಿದ್ದಾಳೆ. ಜನ ತಿರುಗಿ ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು.

ಸರೋಜಾ ಹೋಗಿ ಮೇಜಿನ ಹಿಂದೆ ಕೂತರು. ಕೂತ ಮೇಲೆ, ಹದಿನೆಂಟು ವರ್ಷದಿಂದ ಅವರೊಳಗೆ ಮಡಚಿಟ್ಟಿದ್ದ ಟೀಚರ್ ಎದ್ದು ಬಂದರು. ಮೊದಲು ಎರಡು ಸಾಲನ್ನು ಒಂದು ಮಾಡಿದರು. ಮತ ಹಾಕಿದ್ದಕ್ಕೆ ಸಾಕ್ಷಿಯಾಗಿ ಪಕ್ಷದ ಮುದ್ರೆ ಬಿದ್ದ ಕಾರ್ಡು ಕೈಯಲ್ಲಿರಲಿ ಎಂದರು. ಆಮೇಲೆ ಹಾಳೆಯನ್ನು ನೋಡಿದರು. ಒಂದು ಹಾಳೆಯಲ್ಲಿ ಹದಿನೈದು ಸಾಲು. ಹದಿನೈದನೆಯವರು ಬರೆಯುವಾಗ ಮೇಲಿನ ಹದಿನಾಲ್ಕು ಜನರ ಹೆಸರೂ ಓಟೂ ಕಣ್ಣಿಗೆ ರಾಚುವಂತಿತ್ತು.

ಅಡುಗೆಯವರ ಕೋಣೆಯ ಬಳಿ ಖಾಲಿ ರಟ್ಟಿನ ಪೆಟ್ಟಿಗೆಗಳಿದ್ದವು. ಸೇಬು ಬಂದಿದ್ದ ಒಂದು ದೊಡ್ಡ ಪೆಟ್ಟಿಗೆಯ ಒಂದು ಮೈಯನ್ನು ಕತ್ತರಿಸಿ ತೆಗೆದು, ಸರೋಜಾ ಅದನ್ನು ಮೇಜಿನ ಮೇಲೆ ಬೋರಲು ನಿಲ್ಲಿಸಿದರು. ಹಾಳೆಯನ್ನು ಒಳಗಿಟ್ಟು, ತುಂಬಿದ ಸಾಲುಗಳ ಮೇಲೆ ಒಂದು ಫೈಲು ಮುಚ್ಚಿದರು. ಒಬ್ಬೊಬ್ಬರೇ ಕೈ ಒಳಗಿಟ್ಟು ಬರೆಯಬೇಕು. ಪಕ್ಕದವರಿಗೆ ಕಾಣುವಂತಿಲ್ಲ, ಕಾರ್ಯದರ್ಶಿಗೂ ಕಾಣುವಂತಿಲ್ಲ.

ಡೇಲ್ ತಲೆ ಕೆರೆದುಕೊಂಡರು. ಇದಕ್ಕೆ ನಿಯಮ ಇದೆಯೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಆದರೆ ಸಾಲು ಚಲಿಸತೊಡಗಿತ್ತು. ಅಷ್ಟು ಸಾಕಿತ್ತು.

ಜನ ಮೊದಲು ನಕ್ಕರು. ಆಮೇಲೆ ಸರೋಜಾ ಒಂದು ಗಮನಿಸಿದರು: ಪೆಟ್ಟಿಗೆಯೊಳಗೆ ಕೈಯಿಟ್ಟವರ ಭುಜ ಸ್ವಲ್ಪ ಕೆಳಗಿಳಿಯುತ್ತಿತ್ತು. ಹುಡುಗನ ಬ್ಯಾಡ್ಜು ಹಾಕಿದ್ದ ಒಬ್ಬ ಮುದುಕಿ ಬರೆದು ಮುಗಿಸಿ ಕಣ್ಣು ಮಿಟುಕಿಸಿ ಹೋದರು. ಕಂಪನಿಯ ಮ್ಯಾನೇಜರ್ ಜೊತೆ ಬಂದಿದ್ದ ತರುಣನೊಬ್ಬ, ಮ್ಯಾನೇಜರ್ ಮುಂದೆ ಹೋಗುವವರೆಗೂ ಪೆನ್ನು ತೆರೆಯಲಿಲ್ಲ.

ನೂರರ ಆಚೆ ಎಲ್ಲೋ ಶ್ಯಾಮಸುಂದರ ಬಂದರು. ಅಂಗಿಯ ಮೇಲೆ ಆಯಮ್ಮನ ಸ್ಟಿಕ್ಕರ್. ಬಗ್ಗಿ, ಮೆಲ್ಲಗೆ ಕೇಳಿದರು: "ಸರೋಜಾ ಅವರೇ, ಇದು ಯಾರಿಗೂ ಕಾಣಲ್ಲ ತಾನೇ?"

"ಪೆಟ್ಟಿಗೆ ಒಳಗೆ ಬರೆದದ್ದು ನಿಮಗೆ ಬಿಟ್ಟಿದ್ದು ಶ್ಯಾಮ್. ಯಾರಿಗೂ ಕಾಣಲ್ಲ," ಎಂದರು ಸರೋಜಾ. ಮೈಸೂರಿನಲ್ಲಿ ನೂರಾರು ಜನರಿಗೆ ಹೇಳಿದ್ದ ಮಾತು ಅದು. ಅಲ್ಲಿ ಅದು ನಿಜವಾಗಿತ್ತು.

ಒಂಬತ್ತೂವರೆಗೆ ಸಾಲು ಮುಗಿಯಿತು. ಸರೋಜಾ ತಮ್ಮ ಸಾಲನ್ನು ಕೊನೆಗೆಂದು ಉಳಿಸಿಕೊಂಡಿದ್ದರು. ಎಣಿಕೆಯಾಗಲಿ, ಆಮೇಲೆ ಬರೆಯುತ್ತೇನೆ ಎಂದರು. ಎಣಿಸುವಾಗಲೂ ಅವರು ಹೆಸರಿನ ಕಡೆಗೆ ಫೈಲು ಮುಚ್ಚಿ, ಓಟಿನ ಕಡೆ ಮಾತ್ರ ಕಾಣುವಂತೆ ಹಾಳೆ ತಿರುವಿದರು. ಡೇಲ್ ಓದಿದರು, ಎರಡೂ ಕಡೆಯ ಒಬ್ಬೊಬ್ಬರು ಗೀಟು ಹಾಕಿದರು. ಆಯಮ್ಮನಿಗೆ ಎಂಬತ್ತು, ಹುಡುಗನಿಗೆ ಎಂಬತ್ತೆರಡು. ಆ ಮತಗಟ್ಟೆಗೆ ಏಳು ಪ್ರತಿನಿಧಿಗಳು: ಆಯಮ್ಮನ ಕಡೆಗೆ ಮೂರು, ಹುಡುಗನ ಕಡೆಗೆ ನಾಲ್ಕು. ವೇದಿಕೆಯ ಕಡೆ ಕೇಕೆ ಎದ್ದಿತು.

ಉಷಾ ತಮ್ಮ ಕಡೆಯಿಂದ ಪ್ರತಿನಿಧಿಗಳಾಗಬೇಕಿದ್ದವರ ಪಟ್ಟಿಯಲ್ಲಿ ನಾಲ್ಕನೆಯವರು. ಅವರು ನೇರವಾಗಿ ಮೇಜಿಗೆ ಬಂದರು. "ಹಾಳೆ ನೋಡ್ಬೇಕು. ಕಾರ್ಡ್ ಇಲ್ದೇ ಇರೋರು ಯಾರೋ ಬರೆದಿದ್ದಾರೆ."

"ಎಲ್ಲರ ಕಾರ್ಡನ್ನೂ ನಾನೇ ನೋಡಿದೀನಿ ಉಷಾ."

"ನಿನ್ನ ಮೇಲೆ ಅನುಮಾನ ಅಲ್ಲ ಕಣೇ. ಆದ್ರೂ ನೋಡ್ಬೇಕು."

"ಹೆಸರು ಬೇಕಾದ್ರೆ ನೋಡು. ಓಟು ಮುಚ್ಚಿ ತೋರಿಸ್ತೀನಿ."

ಉಷಾ ಡೇಲ್ ಕಡೆ ತಿರುಗಿ ನಿಯಮ ಏನೆಂದು ಕೇಳಿದರು. ಡೇಲ್ ಲಕೋಟೆಯಿಂದ ಪುಸ್ತಿಕೆ ತೆಗೆದು, ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು. ಆಮೇಲೆ ಸರೋಜಾ ಕಡೆ ನೋಡಿ, ಬೇಸರದಿಂದಲೇ ಹೇಳಿದರು: ಇದು ಗುಪ್ತ ಮತದಾನವಲ್ಲ, ಮೇಡಂ. ಹಾಳೆಗಳು ಎಲ್ಲರಿಗೂ ಮುಕ್ತ. ಸಭೆಗೆ ಬಂದ ಯಾರು ಕೇಳಿದರೂ ತೋರಿಸಬೇಕು.

ಸರೋಜಾ ಫೈಲಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು. ನೂರ ಅರವತ್ತೆರಡು ಜನರಿಗೆ ಅವರು ಕೊಟ್ಟ ಮಾತು ಆ ಫೈಲಿನ ಕೆಳಗಿತ್ತು. ಪದ್ಧತಿ ಏನೆಂದು ಯಾರನ್ನೂ ಕೇಳದೆ, ತಾವು ಕಂಡ ಪದ್ಧತಿಯೇ ಎಲ್ಲ ಕಡೆಯದೂ ಎಂದುಕೊಂಡು ಕೊಟ್ಟ ಮಾತು. ಅವರು ಕೈ ತೆಗೆದರು.

ಉಷಾ ಒಂದೊಂದೇ ಹಾಳೆ ತಿರುವಿದರು. ಎಂಟನೆಯ ಹಾಳೆಯಲ್ಲಿ ಬೆರಳು ನಿಂತಿತು. ಅದು ಗಂಡನ ಸಾಲು. ಆಮೇಲೆ ಅವರು ಊಟದ ಕೌಂಟರಿನ ಕಡೆ ನೋಡಿದರು. ಶ್ಯಾಮಸುಂದರ ಅಲ್ಲಿ ಮಕ್ಕಳ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಅದು ಆಗಲೇ ಕಟ್ಟಿಯೇ ಇತ್ತು.

"ನೀನು ಡಬ್ಬ ಇಟ್ಟು ಧೈರ್ಯ ಕೊಟ್ಟೆ," ಎಂದರು ಉಷಾ. ದನಿ ಎತ್ತಲಿಲ್ಲ. "ಇಲ್ದಿದ್ರೆ ನನ್ನ ಎದುರಿಗೆ ಬರೀತಿದ್ರು. ಸರಿಯಾಗಿ ಬರೀತಿದ್ರು."

"ಅದು ಅವರ ಓಟು ಕಣೇ."

"ಒಂದು ಓಟು ಈ ಕಡೆ ಬಂದಿದ್ರೆ ಎಂಬತ್ತೊಂದು, ಎಂಬತ್ತೊಂದು. ನೀನಿನ್ನೂ ಬರೆದಿಲ್ಲ, ನಿನ್ನದೂ ಸೇರಿದ್ರೆ ನಾಲ್ಕು ನಮಗೇ ಬರ್ತಿತ್ತು."

ಲೆಕ್ಕ ಸರಿಯಾಗಿತ್ತು. ಗಣಿತದ ಟೀಚರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಈಗ ತಾವು ಬರೆದರೂ ಎಂಬತ್ತೊಂದಕ್ಕೆ ಎಂಬತ್ತೆರಡು, ಪ್ರತಿನಿಧಿಗಳು ಮೂರಕ್ಕೆ ನಾಲ್ಕೇ. ಏನೂ ಬದಲಾಗುವುದಿಲ್ಲ. ಬರೆಯದೆ ಖಾಲಿ ಬಿಡಬಹುದಿತ್ತು. ಪೆಟ್ಟಿಗೆಯೊಳಗೆ ಕೈಯಿಟ್ಟೂ ಬರೆಯಬಹುದಿತ್ತು. ಸರೋಜಾ ಅವರು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು. ಶ್ಯಾಮಸುಂದರರ ಓಟು ಬಯಲಿಗೆ ಬಿದ್ದ ಮೇಲೆ ತಮ್ಮದೊಂದು ಮರೆಯಲ್ಲಿರುವುದು ಅವರಿಗೆ ಸರಿ ಕಾಣಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ, ದುಂಡಗಿನ ಟೀಚರ್ ಅಕ್ಷರದಲ್ಲಿ ಹೆಸರು, ವಿಳಾಸ, ಕಾರ್ಡಿನ ನಂಬರು ಬರೆದರು. ಪಕ್ಕದಲ್ಲಿ ಆಯಮ್ಮನ ಹೆಸರು ಬರೆದು ಸಹಿ ಹಾಕಿದರು.

ಮನೆಗೆ ಐದು ನಿಮಿಷದ ದಾರಿ. ಶ್ಯಾಮಸುಂದರ ಡ್ರೈವ್ ಮಾಡುತ್ತಿದ್ದರು, ಉಷಾ ಪಕ್ಕದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಸರೋಜಾ, ತೊಡೆಯ ಮೇಲೆ ಸೇಬಿನ ಪೆಟ್ಟಿಗೆ. ಅದನ್ನು ಯಾಕೆ ಎತ್ತಿಕೊಂಡು ಬಂದರೋ ಅವರಿಗೇ ತಿಳಿಯಲಿಲ್ಲ. ಎರಡನೆಯ ಸಿಗ್ನಲ್‌ನಲ್ಲಿ ಉಷಾ ಮಾತಾಡಿದರು.

"ನೀನಾದ್ರೂ ನನ್ನ ಮುಖ ನೋಡಿ ಬರೆದೆಯಲ್ಲ. ಥ್ಯಾಂಕ್ಸ್ ಕಣೇ."

"ನಿನ್ನ ಮುಖ ನೋಡಿ ಬರೀಲಿಲ್ಲ. ಹೋದ ಬುಧವಾರಾನೇ ಅವಳಿಗೆ ಒತ್ತಿ ಬಂದಿದ್ದೆ."

"ಹೋಗ್ಲಿ ಬಿಡು. ನಂಗೆ ಅರ್ಥ ಆಗತ್ತೆ."

"ನಿಂಗೆ ಅರ್ಥ ಆಗಿಲ್ಲ ಉಷಾ. ಇನ್ಶೂರೆನ್ಸ್ ವಿಷಯ ಓದಿ..."

"ಗೆಳೆತನ ಅಂದ್ರೆ ಅದೇ ಅಲ್ವಾ? ಇಷ್ಟ ಇಲ್ದಿದ್ರೂ ಜೊತೆ ನಿಲ್ಲೋದು. ಕೆಲವರಿಗೆ ಅದೂ ಗೊತ್ತಾಗಲ್ಲ," ಎಂದು ಉಷಾ ಕಿಟಕಿಯ ಗಾಜಿಗೆ ಹೇಳಿದರು. ಸಿಗ್ನಲ್ ಹಸಿರಾಯಿತು. ಶ್ಯಾಮಸುಂದರ ಬಹಳ ಎಚ್ಚರದಿಂದ ಕಾರು ಮುಂದೆ ಬಿಟ್ಟರು.

ಸರೋಜಾ ಅವರ ಮನೆಯ ಮುಂದೆ ಶ್ಯಾಮಸುಂದರರೇ ಇಳಿದು ಬಂದು ಹಿಂದಿನ ಬಾಗಿಲು ತೆಗೆದರು.

"ನಾನು ಕೊಟ್ಟ ಮಾತು ಉಳಿಸ್ಕೊಳ್ಳೋಕೆ ಆಗಲಿಲ್ಲ ಶ್ಯಾಮ್. ಕೇಳಿ ತಿಳ್ಕೋಬೇಕಿತ್ತು."

ಅವರು ಸೇಬಿನ ಪೆಟ್ಟಿಗೆಯನ್ನು ಎತ್ತಿ ಕೊಟ್ಟರು. "ಡಬ್ಬ ಚೆನ್ನಾಗಿತ್ತು," ಎಂದು ಹೇಳಿ ಕಾರಿಗೆ ವಾಪಸು ಹೋದರು.

ಒಳಗೆ ಮೋಹನರಾಜ ಟಿವಿಯ ಮುಂದಿದ್ದರು. ರಾಜ್ಯದ ನಕ್ಷೆ ಮಿನುಗುತ್ತಿತ್ತು.

"ಏನಾಯ್ತು? ಮುಗೀತಾ?"

"ಇಲ್ಲ. ತಿಂಗಳ ಕೊನೆಗೆ ಕೌಂಟಿ ಸಭೆಯಂತೆ. ಅದಾದ ಮೇಲೆ ಜೂನ್‌ನಲ್ಲಿ ಆಸ್ಟಿನ್‌ನಲ್ಲಂತೆ."

"ಒಂದು ಓಟಿಗಾ?"

ಸರೋಜಾ ಉತ್ತರಿಸುವಷ್ಟರಲ್ಲಿ ಫೋನ್ ಬಂತು. ಆಸ್ಟಿನ್‌ನಿಂದ. ಹಿಂದೆ ಗದ್ದಲ, ಯಾರೋ ಹಾಡುತ್ತಿದ್ದರು.

"ಅಮ್ಮಾ! ಸೈನ್ ಇನ್ ಮಾಡಿದ್ಯಾ? ಯಾರಿಗೆ?"

ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹೇಳಿದರು.

 ಅನಘಾ ಕೇಳಿದಳು: "ಉಷಾ ಆಂಟಿ ಪಕ್ಕದಲ್ಲೇ ನಿಂತಿದ್ರಾ?"

"ನಿಂತಿದ್ಲು."

"ಐ ನ್ಯೂ ಇಟ್. ದೆನ್ ಇಟ್ಸ್ ನಾಟ್ ಈವನ್ ಯುವರ್ ವೋಟ್, ಅಮ್ಮಾ. ಪರವಾಗಿಲ್ಲ. ಐ ಆಮ್ ನಾಟ್ ಮ್ಯಾಡ್."

"ಅನಘಾ, ಒಂದು ನಿಮಿಷ ಕೇಳು."

"ಗಾಟ್ ಟು ಗೋ. ಲವ್ ಯೂ!"

ಮೋಹನರಾಜ ಟಿವಿಯ ದನಿ ತಗ್ಗಿಸಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಹೆಂಗಸು ಅಂತ ಹಾಕಿದ್ಯಾ ಹಾಗಾದ್ರೆ?" ಎಂದರು. ಕೆಣಕುವ ದನಿಯಲ್ಲ, ತಿಳಿದುಕೊಳ್ಳುವ ಕುತೂಹಲ.

ಸರೋಜಾ ಕೈಚೀಲ ತೆಗೆದು, ಲೈಬ್ರರಿಯಲ್ಲಿ ಪ್ರಿಂಟ್ ಮಾಡಿದ್ದ ಹಾಳೆಗಳ ಕಟ್ಟನ್ನು ಹೊರಗೆಳೆದರು. ಏಳನೆಯ ಪುಟವನ್ನು ಬಿಡಿಸಿ, ಪೆನ್ಸಿಲ್ ಗೆರೆ ಮೇಲೆ ಬರುವಂತೆ ಗಂಡನ ಮುಂದೆ ಟೀಪಾಯಿಯ ಮೇಲಿಟ್ಟರು.

"ಓದಿ."

"ಈಗಲಾ? ರಿಸಲ್ಟ್ ಬರ್ತಿದೆ."

"ಈಗ್ಲೇ ಓದಿ. ಒಬ್ಬರಾದ್ರೂ ಓದಿ."

ಸರೋಜಾ ರಿಮೋಟ್ ಎತ್ತಿ ಟಿವಿ ಆರಿಸಿದರು. ಮೋಹನರಾಜ ಕನ್ನಡಕಕ್ಕಾಗಿ ಜೇಬು ತಡವಿಕೊಂಡರು. ಅವರು ಮೊದಲ ಸಾಲಿನಿಂದ ಓದಲು ಶುರುಮಾಡಿ ಗೆರೆಯೆಳೆದ ಸಾಲಿಗೆ ಬರುವವರೆಗೂ ಸರೋಜಾ ಅಲ್ಲೇ ನಿಂತಿದ್ದರು, ಪರೀಕ್ಷೆಯ ದಿನ ಕೋಣೆಯ ಕಾವಲಿಗೆ ನಿಂತ ಟೀಚರ್ ಹಾಗೆ, ಕೈಕಟ್ಟಿಕೊಂಡು.